ಹಾಡಿಗೆ ಗುರುತು ಸಿಕ್ಕ ಕತೆ

ಹರಪನಹಳ್ಳಿ ಭೀಮವ್ವನ ಹಾಡು ಯಾರದೆಂದು ಯಾರನ್ನೂ ಕೇಳಬೇಕಾಗಿಲ್ಲ. ಕೊನೆಯ ನುಡಿ ಬರುವವರೆಗೆ ಕಾದರೆ ಸಾಕು, ‘ಭೀಮೇಶಕೃಷ್ಣ’ ಎಂಬ ಅಂಕಿತ ಬರುತ್ತದೆ. 1823ರಲ್ಲಿ ಹುಟ್ಟಿದ ಆ ತಾಯಿಯ ಹಾಡುಗಳು ಹೆಣ್ಣುಮಕ್ಕಳ ಬಾಯಿಂದ ಬಾಯಿಗೆ, ವಹಿಯಿಂದ ವಹಿಗೆ ದಾಟಿಕೊಂಡು ಬಂದವು. ಕಲಿಸಿದವರು ಯಾರು, ಬರೆದುಕೊಂಡವರು ಯಾರು ಎಂಬುದು ಮರೆತುಹೋಗಿರಬಹುದು. ಕಟ್ಟಿದವಳ ಗುರುತು ಮಾತ್ರ ಹಾಡಿನ ಜೊತೆಗೇ ಉಳಿಯಿತು. ವಚನಕಾರರು ಮಾಡಿದ್ದೂ ಇದನ್ನೇ, ದಾಸರು ಮಾಡಿದ್ದೂ ಇದನ್ನೇ. ಮಾಹಿತಿಯನ್ನು ಬೇರೆ ಚೀಟಿಯಲ್ಲಿ ಬರೆದರೆ ಚೀಟಿ ಕಳೆಯುತ್ತದೆ. ಹಾಡಿನೊಳಗೇ ಇಟ್ಟರೆ ಹಾಡು ಇರುವವರೆಗೆ ಅದೂ ಇರುತ್ತದೆ.

ಗ್ರಾಮಫೋನು ಬಂದ ಹೊಸದರಲ್ಲೂ ಇಂಥದೇ ಉಪಾಯ ನಡೆದಿತ್ತು. 1902ರಲ್ಲಿ ಕೋಲ್ಕತ್ತದಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನ ಮುಂದೆ ಹಾಡಿದ ಗೌಹರ್ ಜಾನ್, ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಜಂಬಕ್ಕೆ ಹೇಳಿದ್ದಲ್ಲ. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿನ ಭಾಷೆ ಗೊತ್ತಿಲ್ಲದ ಅಲ್ಲಿನ ಕೆಲಸಗಾರರಿಗೆ ಲೇಬಲ್ಲಿನ ಮೇಲೆ ಯಾರ ಹೆಸರು ಹಾಕಬೇಕೆಂದು ಗೊತ್ತಾಗಬೇಕಿತ್ತು.

ಇಷ್ಟೆಲ್ಲ ಆದಮೇಲೆ, 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಈ ಬುದ್ಧಿಯನ್ನು ಮರೆತೇಬಿಟ್ಟಿತ್ತು. ಆ ಹೊಳೆಯುವ ತಟ್ಟೆಯಲ್ಲಿ ಶುದ್ಧವಾದ ಧ್ವನಿ ಇತ್ತು, ಎಷ್ಟು ಹಾಡುಗಳಿವೆ, ಒಂದೊಂದೂ ಎಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ ಇತ್ತು. ಹಾಡಿನ ಹೆಸರಿರಲಿಲ್ಲ, ಹಾಡಿದವರ ಹೆಸರಿರಲಿಲ್ಲ. ಅದೆಲ್ಲ ಡಬ್ಬಿಯ ಮೇಲಿನ ಕಾಗದದಲ್ಲಿತ್ತು. ತಟ್ಟೆಯಲ್ಲೇ ಅಕ್ಷರ ಸೇರಿಸುವ ಪದ್ಧತಿ 1996ರಲ್ಲಿ ಬಂತಾದರೂ ಹೆಚ್ಚಿನ ಕಂಪನಿಗಳು ಅದನ್ನು ಬಳಸುವ ಗೋಜಿಗೆ ಹೋಗಲಿಲ್ಲ. ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದರೆ ಪರದೆಯ ಮೇಲೆ ಒಂದನೇ ಹಾಡು, ಎರಡನೇ ಹಾಡು ಎಂಬ ಅಂಕಿಗಳಷ್ಟೇ ಕಾಣುತ್ತಿದ್ದವು.

ಈ ಅನಾಮಿಕ ತಟ್ಟೆಗೆ ಹೆಸರು ಹುಡುಕಲು ಹೊರಟವರು ಕಂಪನಿಗಳವರಲ್ಲ, ಹಾಡಿನ ಹುಚ್ಚಿದ್ದ ಕೆಲವು ಹವ್ಯಾಸಿಗಳು. ಊರು ಊರಿನ ಜನ ಸೇರಿ ಸಂಗೀತದ ಒಂದು ಸಾರ್ವಜನಿಕ ಜ್ಞಾನಕೋಶ ಕಟ್ಟಬಹುದು ಎಂಬುದು ಪತ್ತೆಯಾದದ್ದು ಅವರ ಕೈಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಾದ ನಾವು ಆ ಕತೆಯನ್ನು ತುಸು ನಿಧಾನವಾಗಿ ಕೇಳಬೇಕು. ಏಕೆಂದರೆ ಆ ಕೋಶದಲ್ಲಿ ಖಾಲಿ ಇರುವ ಖಾನೆಗಳಲ್ಲಿ ನಮ್ಮವೇ ಬಹಳ.

ಉದ್ದವೇ ಗುರುತು

1993ರಲ್ಲಿ ಅಮೆರಿಕದ ಟೀ ಕಾನ್ ಎಂಬ ತಂತ್ರಜ್ಞ ಯುನಿಕ್ಸ್ ಕಂಪ್ಯೂಟರುಗಳಲ್ಲಿ ಸಿ.ಡಿ. ನುಡಿಸುವ ‘ಎಕ್ಸ್‌ಎಂಸಿಡಿ’ ಎಂಬ ತಂತ್ರಾಂಶ ಬರೆದ. ಹಾಡುಗಳ ಹೆಸರನ್ನು ಬಳಕೆದಾರನೇ ಒಂದು ಸಲ ಟೈಪ್ ಮಾಡಿಟ್ಟರೆ, ಮುಂದಿನ ಸಲ ಅದೇ ತಟ್ಟೆ ಹಾಕಿದಾಗ ಹೆಸರುಗಳು ತಾವೇ ಬರುವ ಅನುಕೂಲ ಅದರಲ್ಲಿತ್ತು. ಆದರೆ ಅದೇ ತಟ್ಟೆ ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ಹೆಸರಂತೂ ಇಲ್ಲ, ತಟ್ಟೆಯಲ್ಲಿ ಬೇರೆ ಗುರುತೂ ಇಲ್ಲ.

ಉತ್ತರ ತಟ್ಟೆಯಲ್ಲೇ ಇತ್ತು. ಹಾಡುಗಳು ಎಲ್ಲೆಲ್ಲಿ ಶುರುವಾಗುತ್ತವೆ ಎಂಬ ಪಟ್ಟಿಯನ್ನೇ ಗುರುತಾಗಿ ಬಳಸಿದರೆ ಆಯಿತು. ಎರಡು ಬೇರೆ ಬೇರೆ ತಟ್ಟೆಗಳಲ್ಲಿ ಹತ್ತು ಹಾಡುಗಳ ಉದ್ದವೂ ಸೆಕೆಂಡಿಗೆ ಸೆಕೆಂಡು ಕೂಡಿಬರುವುದು ತೀರಾ ಅಪರೂಪ. ಲೆಕ್ಕ ಎಷ್ಟು ಸರಳ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಿ. ಮೂರು ಹಾಡುಗಳ ಒಂದು ತಟ್ಟೆ ಇದೆ ಅಂದುಕೊಳ್ಳೋಣ: 4 ನಿಮಿಷ 12 ಸೆಕೆಂಡು, 5 ನಿಮಿಷ 57 ಸೆಕೆಂಡು, 4 ನಿಮಿಷ 51 ಸೆಕೆಂಡು. ಸಿ.ಡಿ.ಯಲ್ಲಿ ಮೊದಲ ಹಾಡಿನ ಮುಂಚೆ 2 ಸೆಕೆಂಡು ಖಾಲಿ ಇರುತ್ತದೆ. ಹಾಗಾಗಿ ಹಾಡುಗಳು ಶುರುವಾಗುವುದು 2, 254 ಮತ್ತು 611ನೇ ಸೆಕೆಂಡಿನಲ್ಲಿ. ಈ ಸಂಖ್ಯೆಗಳ ಅಂಕಿಗಳನ್ನೆಲ್ಲ ಕೂಡಿಸಿ: 2, ಆಮೇಲೆ 2+5+4, ಆಮೇಲೆ 6+1+1. ಮೊತ್ತ 21. ಅದರ ಪಕ್ಕ ಒಟ್ಟು ಉದ್ದ 900 ಸೆಕೆಂಡು, ಅದರ ಪಕ್ಕ ಹಾಡುಗಳ ಸಂಖ್ಯೆ 3. ಕಂಪ್ಯೂಟರಿಗೆ ಒಗ್ಗುವ ಹದಿನಾರರ ಎಣಿಕೆಯಲ್ಲಿ ಬರೆದರೆ ಇದು 15038403 ಆಗುತ್ತದೆ. ಎಂಟೇ ಅಂಕಿ. ಆ ತಟ್ಟೆ ಕೊಟ್ಟೂರಿನಲ್ಲಿರಲಿ, ಕ್ಯಾಲಿಫೋರ್ನಿಯಾದಲ್ಲಿರಲಿ, ಲೆಕ್ಕ ಹಾಕಿದರೆ ಬರುವ ಸಂಖ್ಯೆ ಒಂದೇ.

ಒಂದು ತಟ್ಟೆಗೆ ಎಲ್ಲೆಡೆ ಒಂದೇ ಸಂಖ್ಯೆ ಎಂದಾದ ಕ್ಷಣಕ್ಕೆ ಇನ್ನೊಂದು ಬಾಗಿಲು ತೆರೆಯಿತು. ನಾನು ಟೈಪ್ ಮಾಡಿದ್ದು ನಿನಗೂ ಉಪಯೋಗಕ್ಕೆ ಬರುತ್ತದೆ. ಬಳಕೆದಾರರು ತಾವು ತುಂಬಿದ ಪಟ್ಟಿಗಳನ್ನು ಇ-ಮೇಲ್ ಮೂಲಕ ಟೀ ಕಾನ್‌ಗೆ ಕಳಿಸತೊಡಗಿದರು. ಆತ ಅವನ್ನೆಲ್ಲ ಸೇರಿಸಿ ತಂತ್ರಾಂಶದ ಜೊತೆ ಹಂಚಿದ. ರಾಶಿ ಬೆಳೆದು ಹಂಚುವುದೇ ಕಷ್ಟವಾದಾಗ ಸ್ಟೀವ್ ಶೆರ್ಫ್ ಎಂಬ ಜೊತೆಗಾರನೊಂದಿಗೆ ಸೇರಿ ಅದನ್ನು ಇಂಟರ್ನೆಟ್ಟಿನ ಸರ್ವರಿಗೆ ಏರಿಸಿದ. ಹೆಸರು ‘ಸಿಡಿಡಿಬಿ’. ತಟ್ಟೆ ಹಾಕಿದರೆ ಕಂಪ್ಯೂಟರು ಸಂಖ್ಯೆ ಲೆಕ್ಕ ಹಾಕಿ ಸರ್ವರನ್ನು ಕೇಳುತ್ತದೆ. ಜಗತ್ತಿನಲ್ಲಿ ಯಾರಾದರೂ ಒಬ್ಬರು ಆ ತಟ್ಟೆಯ ಹೆಸರುಗಳನ್ನು ತುಂಬಿದ್ದರೆ ಕ್ಷಣದಲ್ಲಿ ಪರದೆಗೆ ಬರುತ್ತವೆ. ಯಾರೂ ತುಂಬಿಲ್ಲದಿದ್ದರೆ ನೀವೇ ತುಂಬಬೇಕು. ನಿಮ್ಮ ನಂತರದವರಿಗೆ ಆ ಕೆಲಸ ಉಳಿಯುವುದಿಲ್ಲ.

ಎರಡು ಬೇರೆ ತಟ್ಟೆಗಳಿಗೆ ಒಂದೇ ಸಂಖ್ಯೆ ಬಂದು ಹೆಸರುಗಳು ಅದಲುಬದಲಾದದ್ದೂ ಉಂಟು. ಎಂಟು ಅಂಕಿಯ ಲೆಕ್ಕದಲ್ಲಿ ಅದು ತಪ್ಪಿದ್ದಲ್ಲ. ಆದರೂ ಮೂಲ ಶೋಧ ಗಟ್ಟಿಯಾಗಿ ನಿಂತಿತು: ವಸ್ತುವಿನಿಂದಲೇ ಹುಟ್ಟುವ ಗುರುತು ಸಿಕ್ಕರೆ, ಒಬ್ಬರನ್ನೊಬ್ಬರು ನೋಡದ ಸಾವಿರಾರು ಮಂದಿ ಒಂದೇ ಪುಸ್ತಕ ಬರೆಯಬಹುದು.

ಕೊಟ್ಟವರೇ ಹೊರಗೆ

ಎರಡನೇ ಶೋಧ ಆದದ್ದು ಪೆಟ್ಟು ತಿಂದ ಮೇಲೆ.

1998ರಲ್ಲಿ ಸಿಡಿಡಿಬಿಯನ್ನು ಎಸ್ಕಿಯೆಂಟ್ ಎಂಬ ಕಂಪನಿ ಕೊಂಡುಕೊಂಡಿತು. 2000ದಲ್ಲಿ ಅದಕ್ಕೆ ಗ್ರೇಸ್‌ನೋಟ್ ಎಂಬ ಹೊಸ ಹೆಸರು ಬಂತು. ಮರುವರ್ಷ, ಪರವಾನಗಿ ಪಡೆದ ತಂತ್ರಾಂಶಗಳಿಗೆ ಮಾತ್ರ ಪ್ರವೇಶ ಎಂಬ ಬೇಲಿ ಬಿತ್ತು. ತಮ್ಮ ಸಂಜೆಗಳನ್ನು ಕಳೆದು ಒಂದೊಂದೇ ತಟ್ಟೆಯ ಹೆಸರು ತುಂಬಿದ್ದ ಹವ್ಯಾಸಿಗಳು ಬೇಲಿಯ ಹೊರಗೆ ಉಳಿದರು. ಅವರಿಗೆ ಹಣ ಬೇಕಿರಲಿಲ್ಲ, ಕೊಟ್ಟದ್ದು ಎಲ್ಲರಿಗೂ ಸಿಗಲಿ ಎಂಬುದಷ್ಟೇ ಬೇಕಿತ್ತು. ಆದರೆ ಹಾಗೆಂದು ಮೊದಲೇ ಯಾರೂ ಬರೆದಿಟ್ಟಿರಲಿಲ್ಲ. 2008ರಲ್ಲಿ ಸೋನಿ ಸಂಸ್ಥೆ ಗ್ರೇಸ್‌ನೋಟನ್ನು ಸುಮಾರು 26 ಕೋಟಿ ಡಾಲರಿಗೆ ಖರೀದಿಸಿತು. ಊರವರು ಬಿಟ್ಟಿ ಕೂಲಿ ಮಾಡಿ ಕಟ್ಟಿದ ಕೆರೆಗೆ ಒಬ್ಬ ಬಂದು ಬೀಗ ಹಾಕಿ, ನೀರಿಗೆ ದರ ಬರೆದ ಹಾಗಾಯಿತು.

ಸಿಡಿಡಿಬಿ ಕಂಪನಿಯ ಕೈಸೇರಿದ ಸಿಟ್ಟಿನಿಂದ ಎರಡು ಕೆಲಸ ಹುಟ್ಟಿದವು. ಹಳೆಯ ದತ್ತಾಂಶದ ಪ್ರತಿಯನ್ನಿಟ್ಟುಕೊಂಡು ‘ಫ್ರೀಡಿಬಿ’ ಶುರುವಾಯಿತು. ಇನ್ನೊಂದು ಕಡೆ, ಫ್ರೀಆಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಕೆಲಸ ಮಾಡಿದ್ದ ರಾಬರ್ಟ್ ಕೇ ಎಂಬಾತ ‘ಮ್ಯೂಸಿಕ್‌ಬ್ರೇನ್ಜ್’ ಆರಂಭಿಸಿದ. ಅದು ಬೇಲಿ ಬೀಳುವುದಕ್ಕೂ ಹಿಂದಿನ ವರ್ಷದ, 2000ದ ಮಾತು. ಕೇ ಮೊದಲು ಬಿಗಿ ಮಾಡಿದ್ದು ಒಡೆತನದ ಪ್ರಶ್ನೆಯನ್ನು. 2004ರಲ್ಲಿ ಲಾಭದ ಉದ್ದೇಶವಿಲ್ಲದ ಮೆಟಾಬ್ರೇನ್ಜ್ ಪ್ರತಿಷ್ಠಾನ ನೋಂದಣಿಯಾಯಿತು. ಕಲಾವಿದ, ತಟ್ಟೆ, ಹಾಡು ಇವುಗಳ ಮೂಲ ಮಾಹಿತಿ ಯಾರ ಸೊತ್ತೂ ಅಲ್ಲ ಎಂದು ಘೋಷಿಸಿ, ಇಡೀ ಕೋಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟರು. ನಾಳೆ ಯಾರಾದರೂ ಬೀಗ ಹಾಕಿದರೂ ಪ್ರತಿ ಹೊರಗೆ ಇರುತ್ತದೆ, ಅದನ್ನಿಟ್ಟುಕೊಂಡು ಮತ್ತೆ ಶುರು ಮಾಡಬಹುದು.

ತಟ್ಟೆ ಗುರುತಿಸುವ ಲೆಕ್ಕವನ್ನೂ ಅವರು ಬದಲಿಸಿದರು. ಸೆಕೆಂಡಿನ ಬದಲು ಸೆಕೆಂಡಿನ 75ನೇ ಒಂದು ಭಾಗದ ಅಳತೆ ಹಿಡಿದು, 28 ಅಕ್ಷರಗಳ ಗುರುತು ಬರುವಂತೆ ಮಾಡಿದರು. ಸಂಖ್ಯೆಗಳು ಡಿಕ್ಕಿ ಹೊಡೆಯುವ ಕಾಟ ಬಹುಮಟ್ಟಿಗೆ ತಪ್ಪಿತು.

ಇದೇ ಕಾಲಕ್ಕೆ ಬೇರೆ ಕಡೆಯ ಶೋಧಗಳೂ ಬಂದು ಕೂಡಿದವು. ಓದುಗನೇ ಪುಟ ತಿದ್ದಬಹುದಾದ ‘ವಿಕಿ’ಯನ್ನು ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ತಂದಿದ್ದ. 2001ರ ಜನವರಿಯಲ್ಲಿ ವಿಕಿಪೀಡಿಯ ಶುರುವಾಯಿತು, 2003ರಲ್ಲಿ ಕನ್ನಡದ್ದೂ ಬಂತು. ಯಾರು ಏನು ತಿದ್ದಿದರು ಎಂಬ ಇತಿಹಾಸವನ್ನು ಉಳಿಸಿಡುವ ಪದ್ಧತಿಯಿಂದ, ಗೊತ್ತಿಲ್ಲದವರ ಕೈಗೂ ಪುಸ್ತಕ ಕೊಡುವ ಧೈರ್ಯ ಬಂತು. ತಪ್ಪಾದರೆ ಹಿಂದಿನ ಪುಟಕ್ಕೆ ಮರಳಿದರಾಯಿತು.

ಕಾಗದದ ಕಾಲದವರು

ಇದೆಲ್ಲ ಕಂಪ್ಯೂಟರಿನಿಂದಲೇ ಆಯಿತು ಎಂದುಕೊಳ್ಳಬಾರದು. ಕಾನ್ಪುರದ ಹರ್‌ಮಂದಿರ್ ಸಿಂಗ್ ‘ಹಮ್‌ರಾಜ್’ ರೇಡಿಯೊ ಸಿಲೋನ್ ಕೇಳುತ್ತ ಬೆಳೆದ ಹಾಡಿನ ಹುಚ್ಚ. ಹಿಂದಿ ಸಿನಿಮಾಗಳಲ್ಲಿ ಯಾವ ವರ್ಷ ಯಾವ ಚಿತ್ರ, ಅದರಲ್ಲಿ ಯಾವ ಹಾಡು, ಯಾರ ಕಂಠ, ಯಾವ ತಟ್ಟೆಯ ಸಂಖ್ಯೆ ಎಂಬುದನ್ನೆಲ್ಲ ಕಲೆಹಾಕಿ ‘ಹಿಂದಿ ಫಿಲ್ಮ್ ಗೀತ್ ಕೋಶ್’ ಹೊರತಂದ. ಮೊದಲ ಸಂಪುಟ ಬಂದದ್ದು 1980ರಲ್ಲಿ. 1931ರಿಂದ ಹಿಡಿದು 1980ರವರೆಗಿನ ಚಿತ್ರಗಳು ಐದು ಸಂಪುಟಗಳಲ್ಲಿ ಬಂದವು. ಊರೂರಿನ ಹವ್ಯಾಸಿಗಳು ಅಂಚೆಯಲ್ಲಿ ಪಟ್ಟಿ ಕಳಿಸಿ, ತಪ್ಪು ತಿದ್ದಿ ನೆರವಾದರು. ಮುಂಬೈಯಲ್ಲಿ 1990ರಲ್ಲಿ ಸುರೇಶ್ ಚಾಂದ್ವಣಕರ್ ಮೊದಲಾದವರು ಹಳೆಯ ಗ್ರಾಮಫೋನ್ ತಟ್ಟೆ ಸಂಗ್ರಹಕಾರರ ಸಂಘ ಕಟ್ಟಿದರು. ಮನೆ ಮನೆಯ ಅಟ್ಟದಲ್ಲಿ ಏನಿದೆ ಎಂಬುದು ಒಬ್ಬರಿಗೊಬ್ಬರಿಗೆ ಗೊತ್ತಾದದ್ದು ಇಂಥ ಸಂಘಗಳಿಂದ.

ನಮ್ಮ ಸೀಮೆಯಲ್ಲೂ ಒಬ್ಬರಿದ್ದರು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣ. ನಾಟಕ ಬರೆದವರು, ಜನಪದ ಹಾಡು ಕೂಡಿಟ್ಟವರು. ‘ಗೊಂದಲಿಗ ದೇವೇಂದ್ರಪ್ಪನ ಆಟಗಳು’ ಎಂಬ ಪುಸ್ತಕದಲ್ಲಿ ಒಬ್ಬ ಗೊಂದಲಿಗರ ಕಲಾವಿದನ ಆಟಗಳನ್ನು ಅವರು ಬರಹಕ್ಕೆ ಇಳಿಸಿದರು. ಕಲಾವಿದನ ಹೆಸರನ್ನು ಅಡಿಟಿಪ್ಪಣಿಯಲ್ಲಿ ಅಡಗಿಸದೆ ಪುಸ್ತಕದ ಹೆಸರಿನಲ್ಲೇ ಇಟ್ಟದ್ದನ್ನು ಗಮನಿಸಬೇಕು. ಹಾಡು ಕೂಡಿಡುವ ಬಹುಮಂದಿ ಸಂಪಾದಕನ ಹೆಸರನ್ನು ಮುಖಪುಟಕ್ಕೆ ಹಾಕಿ, ಹಾಡಿದವರನ್ನು ‘ಒಬ್ಬ ಮುದುಕಿ’ ಎಂದು ಮುಗಿಸುತ್ತಿದ್ದ ಕಾಲ ಅದು. ತಮ್ಮೂರಿನ ಮಾತುಗಳನ್ನು ಅವರು ‘ಚಿಗಟೇರಿ ಪದಕೋಶ’ದಲ್ಲಿ ಜೋಡಿಸಿಟ್ಟರು. ಬಯಲಾಟದಲ್ಲೋ ಬೀಸುವ ಪದದಲ್ಲೋ ಬರುವ ಈ ಕಡೆಯ ಒಂದು ಮಾತು ಹೊರಗಿನವನಿಗೆ ತಿಳಿಯದಿದ್ದಾಗ ತಿರುವಿ ನೋಡಲು ಅಂಥದೊಂದು ಪುಸ್ತಕ ಬೇಕೇ ಬೇಕು. ಒಂದು ಹಳ್ಳಿಯ ಹೆಸರಿನಲ್ಲಿ ಒಂದು ಕೋಶ ಎಂಬ ಎಣಿಕೆಯೇ ದೊಡ್ಡದು.

ಪದ ಬೇರೆ, ಹಾಡಿಕೆ ಬೇರೆ

ಮೂರನೇ ಶೋಧಕ್ಕೆ ಕಾರಣವಾದ ಪ್ರಶ್ನೆ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪಾಶ್ಚಾತ್ಯ ಪಾಪ್ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಕೋಶದಲ್ಲಿ ಹಾಡು ಅಂದರೆ ತಟ್ಟೆಯಲ್ಲಿರುವ ಹಾಡು. ಹಾಡಿದವನೇ ಹಾಡಿನ ಒಡೆಯ. ಆದರೆ ಪುರಂದರದಾಸರ ಒಂದು ಪದವನ್ನು ಸಾವಿರ ಮಂದಿ ಹಾಡಿದ್ದಾರೆ. ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ. ಇವೆಲ್ಲ ಒಂದೇ ಹಾಡೋ, ಸಾವಿರ ಹಾಡೋ?

2011ರ ಮೇ ತಿಂಗಳಲ್ಲಿ ಮ್ಯೂಸಿಕ್‌ಬ್ರೇನ್ಜ್ ತನ್ನ ಒಳಗಿನ ರಚನೆಯನ್ನೇ ಬದಲಿಸಿ, ಕೃತಿಗೆ ಒಂದು ಖಾನೆ, ಆ ಕೃತಿಯ ಒಂದೊಂದು ಧ್ವನಿಮುದ್ರಣಕ್ಕೆ ಬೇರೆ ಖಾನೆ ಮಾಡಿತು. ಕೃತಿಗೆ ಒಂದು ಗುರುತಿನ ಸಂಖ್ಯೆ, ಹಾಡಿಕೆಗೆ ಇನ್ನೊಂದು, ನಡುವೆ ಕೊಂಡಿ. ಅದೇ ವರ್ಷ ಸ್ಪೇನಿನ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕ್ಸಾವಿಯೆರ್ ಸೆರ್ರಾ ಅವರ ನೇತೃತ್ವದಲ್ಲಿ ‘ಕಂಪ್‌ಮ್ಯೂಸಿಕ್’ ಯೋಜನೆ ಆರಂಭವಾಯಿತು. ಐರೋಪ್ಯ ಸಂಶೋಧನಾ ಮಂಡಳಿಯ ಹಣ, ಐದು ಸಂಗೀತ ಪರಂಪರೆಗಳ ಅಧ್ಯಯನ: ಹಿಂದೂಸ್ತಾನಿ, ಕರ್ನಾಟಕ, ತುರ್ಕಿಯ ಮಕಾಮ್, ಬೀಜಿಂಗ್ ಆಪೆರಾ, ಅರಬ್-ಆಂಡಲೂಸಿಯನ್. ಮದ್ರಾಸಿನ ಐಐಟಿಯ ಹೇಮಾ ಮೂರ್ತಿ, ಮುಂಬೈ ಐಐಟಿಯ ಪ್ರೀತಿ ರಾವ್ ಅವರ ತಂಡಗಳು ಇದರಲ್ಲಿ ಜೊತೆಯಾದವು. ಕಂಪ್ಯೂಟರಿಗೆ ರಾಗ, ತಾಳ ಗುರುತಿಸಲು ಕಲಿಸುವ ಮೊದಲು, ಯಾವ ಮುದ್ರಣದಲ್ಲಿ ಯಾವ ರಾಗವಿದೆ ಎಂಬ ನಂಬುವಂಥ ಪಟ್ಟಿ ಬೇಕಿತ್ತು. ಅದನ್ನು ತಮ್ಮದೇ ಗೋದಾಮಿನಲ್ಲಿ ಇಟ್ಟುಕೊಳ್ಳದೆ, ಮ್ಯೂಸಿಕ್‌ಬ್ರೇನ್ಜ್‌ನ ಸಾರ್ವಜನಿಕ ಕೋಶದಲ್ಲೇ ತುಂಬಿದರು. ಹೀಗಾಗಿ ಅಮೆರಿಕದ ಸಿ.ಡಿ. ಹವ್ಯಾಸಿಗಳು ಶುರು ಮಾಡಿದ ಪುಸ್ತಕದಲ್ಲಿ ರಾಗ, ತಾಳ ಎಂಬ ಖಾನೆಗಳು ಬಂದವು.

ತೊಡಕುಗಳು ಬೇಕಾದಷ್ಟು ಎದುರಾದವು. ತ್ಯಾಗರಾಜರ ಹೆಸರನ್ನು ರೋಮನ್ ಅಕ್ಷರದಲ್ಲಿ ಒಬ್ಬೊಬ್ಬ ಕ್ಯಾಸೆಟ್ ಕಂಪನಿಯವನು ಒಂದೊಂದು ಥರ ಬರೆದಿರುತ್ತಾನೆ. ನಮ್ಮ ಹಡಗಲಿಯನ್ನೇ ತೆಗೆದುಕೊಳ್ಳಿ: ಹೂವಿನಹಡಗಲಿ, ಹೂವಿನ ಹಡಗಲಿ, ಹಡಗಲಿ, ಅದರ ಮೇಲೆ ಇಂಗ್ಲಿಷಿನ ನಾಲ್ಕಾರು ಕಾಗುಣಿತ. ಪರಿಹಾರ ಸರಳ. ಗುರುತು ಎಂದರೆ ಸಂಖ್ಯೆ, ಹೆಸರುಗಳೆಲ್ಲ ಅದಕ್ಕೆ ಅಂಟಿಸಿದ ಚೀಟಿಗಳು. ಎಷ್ಟು ಬೇಕಾದರೂ ಅಂಟಿಸಿ. ಇನ್ನು ಆಲಾಪನೆಯಂಥದು ಕೃತಿಯೇ ಅಲ್ಲ, ಆ ಹೊತ್ತಿಗೆ ಹುಟ್ಟಿದ್ದು. ಅದಕ್ಕೆ ಕೃತಿಯ ಖಾನೆ ಖಾಲಿ ಬಿಟ್ಟು, ಹಾಡಿಕೆಯ ಖಾನೆ ಮಾತ್ರ ತುಂಬಬೇಕು.

ಹಾಡನ್ನು ಕೇಳಿಸಿ ಹೆಸರು ಹೇಳುವ ಆ್ಯಪ್‌ಗಳಿರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಆ ಆ್ಯಪ್‌ಗಳು ಹುಡುಕುವುದು ಧ್ವನಿಯ ಬೆರಳಚ್ಚನ್ನು. ಮುದ್ರಣವಾದ ಅದೇ ಹಾಡಿಕೆಯನ್ನು ಎಲ್ಲಿ ಹಾಕಿದರೂ ಅವು ಹಿಡಿಯುತ್ತವೆ. ಉಚ್ಚಂಗಿದುರ್ಗದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಜೋಗತಿಯೊಬ್ಬಳು ಚೌಡಿಕೆ ಹಿಡಿದು ಹಾಡಿದ್ದು ಆ ದಿನದ ಹಾಡಿಕೆ. ಅದರ ಬೆರಳಚ್ಚು ಇನ್ನೆಲ್ಲೂ ಇಲ್ಲ. ಅಲ್ಲಿ ಗುರುತು ಹೇಳಬೇಕಾದವರು ಮನುಷ್ಯರೇ.

ಕನ್ನಡದ ಸಂಚಯ

ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರದ ಕೆಲಸ ‘ವಚನ ಸಂಚಯ’. ನಮ್ಮ ಪಕ್ಕದ ಸಂಡೂರಿನವರಾದ ಕತೆಗಾರ ವಸುಧೇಂದ್ರ, ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿ, ತಂತ್ರಜ್ಞ ಓಂಶಿವಪ್ರಕಾಶ್ ಮತ್ತು ಗೆಳೆಯರು 2013ರ ಸುಮಾರಿಗೆ ಇದನ್ನು ಕಟ್ಟಿದರು. ಸರ್ಕಾರ ಪ್ರಕಟಿಸಿದ್ದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವೇ ಇದಕ್ಕೆ ಆಧಾರ. 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ, ಯಾರು ಎಷ್ಟು ಸಲ ಬಳಸಿದ್ದಾರೆ ಎಂಬುದನ್ನು ಈಗ ಶಾಲೆಯ ಹುಡುಗನೂ ನೋಡಬಹುದು. ಇಲ್ಲಿನ ದೊಡ್ಡ ತೊಡಕು ಅಕ್ಷರದ್ದು. ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡ, ನೋಡಲು ಕನ್ನಡವಾದರೂ ಕಂಪ್ಯೂಟರಿನ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಅದನ್ನು ಯೂನಿಕೋಡಿಗೆ ಪರಿವರ್ತಿಸದೆ ಒಂದು ಪದವನ್ನೂ ಹುಡುಕಲಾಗದು. ಪರಿವರ್ತಿಸಿ, ತಪ್ಪು ತಿದ್ದಿ, ಪ್ರತಿ ವಚನವನ್ನೂ ಅದರ ವಚನಕಾರನಿಗೆ ಜೋಡಿಸಿದರು. ಜೋಡಿಸಲು ನೆರವಿಗೆ ಬಂದದ್ದು ಎಂಟು ನೂರು ವರ್ಷಗಳಿಂದ ವಚನದ ಕೊನೆಯಲ್ಲಿ ಕಾಯುತ್ತ ಕುಳಿತಿದ್ದ ಅಂಕಿತವೇ.

ಆದರೆ ವಚನ ಮತ್ತು ದಾಸರ ಪದಗಳಿಗೆ ಅಚ್ಚಾದ ಪುಸ್ತಕವಿತ್ತು, ಅಂಕಿತವಿತ್ತು. ನಮ್ಮ ಸೀಮೆಯ ಬಹುಪಾಲು ಹಾಡುಗಳಿಗೆ ಎರಡೂ ಇಲ್ಲ.

ಐದು ತಾಲ್ಲೂಕಿನ ಖಾನೆಗಳು

ಏನೇನಿದೆ ಎಂದು ಸುಮ್ಮನೆ ಎಣಿಸಿ ನೋಡಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವರ ಡಮರು, ಪಿಳ್ಳಂಗೋವಿ, ಡೆಂಕನಮರಡಿಯಲ್ಲಿ ಬಿಲ್ಲೇರಿ ನುಡಿಯುವ ಕಾರಣಿಕ. ಕೂಡ್ಲಿಗಿಯ ಮ್ಯಾಸಬೇಡರ ಹಟ್ಟಿಗಳಲ್ಲಿ ದನ ಕಾಯ್ದ ವೀರರ ಕಥನಗಳು. ಊರೂರಿನ ಬಯಲಾಟ, ಡೊಳ್ಳಿನ ಪದ, ಭಜನೆ, ಮೊಹರಂ ಹಬ್ಬದ ಪದ, ಸೋಬಾನೆ, ತತ್ವಪದ. ಇವನ್ನು ಇಡೀ ಸಾಲಾಗಿ ಬರೆದಿಟ್ಟ ಪಟ್ಟಿ ಎಲ್ಲೂ ಒಂದೇ ಕಡೆ ಸಿಗುವುದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದ ಮೇಲೆ ಸಂಶೋಧಕರು ಈ ಭಾಗದ ಮೌಖಿಕ ಕಾವ್ಯಗಳನ್ನು ಸಂಗ್ರಹಿಸಿ ಪುಸ್ತಕ ತಂದಿದ್ದಾರೆ. ಅವು ಗಟ್ಟಿ ಕೆಲಸಗಳು. ಆದರೆ ಪುಸ್ತಕ ಒಂದು ಸಲ ಅಚ್ಚಾದರೆ ಅಲ್ಲಿಗೆ ನಿಂತಿತು. ಮರುವರ್ಷ ಬೇರೊಂದು ಹಟ್ಟಿಯಲ್ಲಿ ಬೇರೊಂದು ಪಾಠ ಸಿಕ್ಕರೆ ಅದನ್ನು ಸೇರಿಸಲು ಜಾಗವಿಲ್ಲ.

ಈಗ ಪ್ರತಿ ಜಾತ್ರೆಯಲ್ಲೂ ನೂರು ಫೋನುಗಳು ಮೇಲೆದ್ದಿರುತ್ತವೆ. ಯೂಟ್ಯೂಬಿನಲ್ಲಿ, ವಾಟ್ಸ್‌ಆ್ಯಪಿನಲ್ಲಿ ನಮ್ಮ ಹಾಡುಗಳು ಹರಿದಾಡುತ್ತಿವೆ. ಆದರೆ ‘ಸೂಪರ್ ಜಾನಪದ ಸಾಂಗ್’ ಎಂಬ ಹೆಸರಿನಲ್ಲಿ. ಹಾಡಿದವರಾರು, ಯಾವ ಊರು, ಯಾವ ಮೇಳ, ಏನೂ ಇಲ್ಲ. 1982ರ ಸಿ.ಡಿ.ಯ ಸಮಸ್ಯೆ ನಮ್ಮಲ್ಲಿ ಇವತ್ತಿಗೂ ಇದೆ, ಇನ್ನೂ ಕೆಟ್ಟ ರೂಪದಲ್ಲಿ. ಅದಕ್ಕಾದರೂ ಡಬ್ಬಿಯ ಮೇಲೆ ಕಾಗದವಿತ್ತು.

ಹಾಗಾದರೆ ನಮ್ಮ ಕೋಶದಲ್ಲಿ ಯಾವ ಯಾವ ಖಾನೆ ಇರಬೇಕು? ಮೇಲಿನ ಕತೆಯಿಂದಲೇ ಉತ್ತರ ಸಿಗುತ್ತದೆ. ಪದಕ್ಕೆ ಒಂದು ಖಾನೆ, ಹಾಡಿಕೆಗೆ ಬೇರೆ. ಪದದ ಖಾನೆಯಲ್ಲಿ ಮೊದಲ ಸಾಲು, ಅಂಕಿತವಿದ್ದರೆ ಅಂಕಿತ, ಯಾವ ಸಂದರ್ಭದ ಹಾಡು ಎಂಬುದು. ಹಾಡಿಕೆಯ ಖಾನೆಯಲ್ಲಿ ಹಾಡಿದವರು, ಹಿಮ್ಮೇಳದವರು, ವಾದ್ಯ, ಊರು, ದಿನ, ಯಾವ ಧಾಟಿ. ರಾಗದ ಹೆಸರು ನಮ್ಮ ಬಹುತೇಕ ಹಾಡುಗಾರರು ಹೇಳುವುದಿಲ್ಲ. ಇಂಥ ಪದದ ಮಟ್ಟು ಅನ್ನುತ್ತಾರೆ. ಹಾಗಾಗಿ ರಾಗದ ಖಾನೆಯ ಬದಲು, ಯಾವ ಪದದ ಮಟ್ಟಿನಲ್ಲಿ ಎಂದು ಇನ್ನೊಂದು ಪದಕ್ಕೆ ಕೊಂಡಿ ಹಾಕುವ ಖಾನೆ ಬೇಕು.

ಇದಕ್ಕಿಂತ ಮುಖ್ಯವಾದದ್ದು, ಯಾರಿಂದ ಕಲಿತದ್ದು ಎಂಬ ಖಾನೆ. ಮರಿಯಮ್ಮನಹಳ್ಳಿಯ ಬಿ. ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಹಾಗಾಗಿ ಅವರ ಬಗ್ಗೆ ವಿಕಿಪೀಡಿಯದಲ್ಲಿ ಪುಟವಿದೆ, ಲೇಖನಗಳಿವೆ. ಅವರಿಗೆ ಜೋಗತಿ ಕಲೆ ಕಲಿಸಿ ಮೇಳದಲ್ಲಿ ಬೆಳೆಸಿದವರು ಕಾಳವ್ವ ಜೋಗತಿ. ಗುರುವಿನ ಹೆಸರು ಉಳಿದದ್ದು ಶಿಷ್ಯೆ ಹೋದಲ್ಲೆಲ್ಲ ಅದನ್ನು ಹೇಳಿಕೊಂಡು ಬಂದದ್ದರಿಂದ. ಪ್ರಶಸ್ತಿ ಬಾರದ ಶಿಷ್ಯರ ಗುರುಗಳು ಎಲ್ಲಿ ಹೋದರು? ಆ ಒಂದು ಖಾನೆ ತುಂಬುತ್ತ ಹೋದರೆ ಇಡೀ ಸೀಮೆಯ ಹಾಡಿನ ವಂಶವೃಕ್ಷ ತಾನಾಗಿ ಮೂಡುತ್ತದೆ.

ಊರಿನ ಖಾನೆಯಲ್ಲೂ ಎಚ್ಚರ ಬೇಕು. ಹರಪನಹಳ್ಳಿ 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರು ಬೇರೆ ತಾಲ್ಲೂಕಾಗುವ ಮೊದಲು ಕೂಡ್ಲಿಗಿಯ ಭಾಗ. ಅದಕ್ಕೂ ಹಿಂದೆ, 1953ರವರೆಗೆ, ಈ ಸೀಮೆಯೆಲ್ಲ ಮದ್ರಾಸು ಪ್ರಾಂತ್ಯದ ಲೆಕ್ಕದಲ್ಲಿತ್ತು. ಒಂದೇ ಚಿಗಟೇರಿಯ ಹಾಡು ಒಂದು ಪುಸ್ತಕದಲ್ಲಿ ಬಳ್ಳಾರಿಯದು, ಇನ್ನೊಂದರಲ್ಲಿ ದಾವಣಗೆರೆಯದು, ಮತ್ತೊಂದರಲ್ಲಿ ವಿಜಯನಗರದ್ದು. ಜಿಲ್ಲೆ ನೋಡಿ ಹುಡುಕುವವನಿಗೆ ಮೂರು ಬೇರೆ ಊರುಗಳಂತೆ ಕಾಣುತ್ತದೆ. 2012ರಲ್ಲಿ ಶುರುವಾದ ವಿಕಿಡೇಟಾ ಊರಿಗೊಂದು ಖಾಯಂ ಸಂಖ್ಯೆ ಕೊಡುತ್ತದೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಜಿಲ್ಲೆ ಎಂಬುದನ್ನು ಅದರಡಿ ಬರೆದಿಡಬಹುದು. ಸರ್ಕಾರ ಎಷ್ಟು ಸಲ ಗಡಿ ಬದಲಿಸಿದರೂ ಹಾಡಿನ ಊರು ಬದಲಾಗುವುದಿಲ್ಲ.

ಒಡೆತನದ ಪಾಠವನ್ನೂ ಮರೆಯಬಾರದು. ಭೀಮವ್ವನ ಪದಗಳ ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾಯಿತು. ನಮ್ಮ ಕಾಯಿದೆಯಲ್ಲಿ ಬರೆದವರು ತೀರಿಕೊಂಡ 60 ವರ್ಷದ ಬಳಿಕ ಬರಹ ಎಲ್ಲರದಾಗುತ್ತದೆ. ಆದರೆ ಇವತ್ತು ಆ ಪದ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕಿದೆ. ಅವರನ್ನು ಕೇಳದೆ ಅದನ್ನು ರೆಕಾರ್ಡ್ ಮಾಡಿ ಚಾನೆಲ್ಲಿಗೆ ಹಾಕಿ ಹಣ ಎಣಿಸುವುದು ನ್ಯಾಯವಲ್ಲ. ಪದದ ಮಾಹಿತಿ ಎಲ್ಲರದು, ಹಾಡಿಕೆ ಹಾಡಿದವರದು. ಧ್ವನಿಯನ್ನು ಹಂಚಬೇಕಾದರೆ ಅವರ ಒಪ್ಪಿಗೆ ಬೇಕು, ಹೆಸರು ಬೇಕು. ಕೆಲವು ಹಾಡುಗಳು ದೇವರ ಮುಂದೆ, ಹಟ್ಟಿಯವರ ನಡುವೆ ಮಾತ್ರ ಹಾಡುವಂಥವು. ಅಂಥವನ್ನು ಬೇಡ ಎಂದರೆ ಬಿಡಬೇಕು.

ಹೊಸ ವೆಬ್‌ಸೈಟು, ಹೊಸ ಆ್ಯಪು ಕಟ್ಟುವ ಉಮೇದು ಬೇಡ. ಹಣ ತೀರಿದ ದಿನ ಅವು ಮುಚ್ಚುತ್ತವೆ. ಹಕ್ಕು ಮುಗಿದ ಪದಗಳಿಗೆ ಕನ್ನಡ ವಿಕಿಸೋರ್ಸ್ ಇದೆ. ಒಪ್ಪಿಗೆ ಪಡೆದ ಧ್ವನಿಗೆ ವಿಕಿಮೀಡಿಯ ಕಾಮನ್ಸ್ ಇದೆ. ಊರು, ಕಲಾವಿದರ ಗುರುತಿಗೆ ವಿಕಿಡೇಟಾ, ಕ್ಯಾಸೆಟ್ಟು-ಸಿ.ಡಿ.ಗಳ ವಿವರಕ್ಕೆ ಮ್ಯೂಸಿಕ್‌ಬ್ರೇನ್ಜ್ ಇವೆ. ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಒಂದರ ಗುರುತಿನ ಸಂಖ್ಯೆಯನ್ನು ಇನ್ನೊಂದರಲ್ಲಿ ನಮೂದಿಸಿದರೆ ಎಲ್ಲವೂ ಒಂದೇ ಕೋಶದಂತೆ ಕೆಲಸ ಮಾಡುತ್ತವೆ.

ಐದೂ ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ, ಕನ್ನಡ ಮೇಷ್ಟ್ರುಗಳಿದ್ದಾರೆ, ಪ್ರತಿ ಹುಡುಗನ ಕೈಯಲ್ಲಿ ಫೋನಿದೆ. ಒಬ್ಬ ವಿದ್ಯಾರ್ಥಿ ತನ್ನ ಮನೆಯ ಅಜ್ಜಿಯ ಒಂದು ಹಾಡನ್ನು, ಅವಳ ಹೆಸರು, ಊರು, ಕಲಿಸಿದವರ ಹೆಸರಿನೊಂದಿಗೆ ಸೇರಿಸಿದರೆ ಅದು ಒಂದು ಪೂರ್ಣ ದಾಖಲೆ. ಮುಂದಿನ ಸಲ ಹಾಡು ರೆಕಾರ್ಡ್ ಮಾಡುವಾಗ, ಒತ್ತಿದ ಕೂಡಲೇ ನಿಮ್ಮ ಬಾಯಿಂದಲೇ ಐದು ಮಾತು ಹೇಳಿ: ಹಾಡುವವರು ಯಾರು, ಯಾವ ಊರು, ಯಾರಿಂದ ಕಲಿತರು, ಯಾವ ಸಂದರ್ಭದ ಹಾಡು, ಇವತ್ತಿನ ತಾರೀಕು. ಆಮೇಲೆ ಹಾಡಿಸಿ. ಉಳಿದದ್ದನ್ನು ಬೇರೆಯವರು ತುಂಬಬಹುದು, ಈ ಐದನ್ನು ಮಾತ್ರ ನಿಮ್ಮನ್ನು ಬಿಟ್ಟು ಯಾರೂ ತುಂಬಲಾರರು.